ಹಳೆ ಎಕ್ಸ್‌ಕವೇಟರ್: ಒಂದು ಸೀಲ್ ಬಿಟ್ಟಿದ್ದಕ್ಕೆ ಎರಡು ಕಪ್ಲಿಂಗ್ ಹೋದವು

ಎಂಜಿನ್ ಆಫ್ ಮಾಡಿದಾಗ, ಪೂರ್ತಿ ನಿಲ್ಲುವ ಮುಂಚಿನ ಒಂದೆರಡು ಸುತ್ತಿನಲ್ಲಿ, ‘ಕಟ ಕಟ ಕಟ’ ಅಂತ ಸದ್ದು ಬರುತ್ತಿತ್ತು. ಕೆಲಸ ಮಾಡುವಾಗ ಏನೂ ಇಲ್ಲ. ಆಪರೇಟರ್ ಹುಡುಗ ಎರಡು ದಿನದಿಂದ ಹೇಳುತ್ತಲೇ ಇದ್ದ, “ಅಣ್ಣಾ, ನಿಲ್ಸೋವಾಗ ಒಳಗೆ ಏನೋ ಬಡ್ಕೊಳ್ತಿದೆ.” ನಾನೇ ಹೋಗಿ ಕಿವಿಗೊಟ್ಟು ಕೇಳಿದೆ. ಎಂಜಿನ್‌ಗೂ ಹೈಡ್ರಾಲಿಕ್ ಪಂಪ್‌ಗೂ ನಡುವಿನ ಬೆಲ್ ಹೌಸಿಂಗ್ ಒಳಗಿನ ಸದ್ದು ಅದು. ಕಪ್ಲಿಂಗ್ ಹೋಗಿದೆ ಅಂತ ಅಲ್ಲೇ ಗೊತ್ತಾಯಿತು. ಬೇಜಾರಾಗಿದ್ದು ಬೇರೆ ಕಾರಣಕ್ಕೆ. ಆ ಕಪ್ಲಿಂಗ್ ಹಾಕಿ ಏಳು ತಿಂಗಳೂ ಆಗಿರಲಿಲ್ಲ.

ಮೆಷಿನ್ 20 ಟನ್ ವರ್ಗದ್ದು, ವಯಸ್ಸು ಇಪ್ಪತ್ತು ದಾಟಿದೆ. ಇದರಲ್ಲಿ ಫ್ಲೈವೀಲ್‌ಗೂ (ಎಂಜಿನ್ ಹಿಂದೆ ತಿರುಗುವ ಭಾರದ ಚಕ್ರ) ಪಂಪ್ ಶಾಫ್ಟ್‌ಗೂ ನಡುವೆ ದಪ್ಪ ರಬ್ಬರ್ ಬಳೆಯಂಥ ಕಪ್ಲಿಂಗ್ ಇದೆ. ಎಂಜಿನ್‌ನ ಪ್ರತಿ ಏಟನ್ನೂ ಆ ರಬ್ಬರ್ ನುಂಗಿಕೊಂಡು ಪಂಪ್‌ಗೆ ಸಮನಾದ ತಿರುಗು ಕೊಡಬೇಕು. ರಬ್ಬರ್ ಸಡಿಲವಾದರೆ ಮೊದಲು ಸುಳಿವು ಸಿಗುವುದು ಸ್ಟಾರ್ಟ್ ಮಾಡುವಾಗ ಮತ್ತು ನಿಲ್ಲಿಸುವಾಗ. ಕಡಿಮೆ ವೇಗದಲ್ಲಿ ಎಂಜಿನ್ ಜಾಸ್ತಿ ಜರ್ಕ್ ಹೊಡೆಯುತ್ತೆ, ಅಲ್ವಾ? ಅದಕ್ಕೇ ಆ ಹೊತ್ತಿಗೆ ಕಿವಿ ಕೊಡಬೇಕು.

ಹೋದ ಸಲ ನಾನು ಮಾಡಿದ ತಪ್ಪು ಇಷ್ಟೇ. ಹರಿದ ರಬ್ಬರ್ ತೆಗೆದೆ, ಹೊಸದು ಹಾಕಿದೆ, ಮುಚ್ಚಿದೆ. ಹೌಸಿಂಗ್ ತಳದಲ್ಲಿ ಆಯಿಲ್ ಜಿಡ್ಡಿತ್ತು. ಹಳೇ ಮೆಷಿನ್, ಇಷ್ಟು ಇದ್ದೇ ಇರುತ್ತೆ ಅಂತ ಬಟ್ಟೆಯಲ್ಲಿ ಒರೆಸಿಬಿಟ್ಟೆ. ಆ ಜಿಡ್ಡೇ ರೋಗ. ಆಯಿಲ್ ಕುಡಿದ ರಬ್ಬರ್ ಊದುತ್ತೆ, ಮೆತ್ತಗಾಗುತ್ತೆ, ಆಮೇಲೆ ಬೋಲ್ಟ್ ಸುತ್ತ ಹರಿಯುತ್ತೆ.

ಈ ಸಲ ಪಾನಾ ಹಿಡಿಯುವ ಮುಂಚೆ ಆಯಿಲ್ ಎಲ್ಲಿಂದ ಬರುತ್ತಿದೆ ಅಂತ ಹುಡುಕಲು ಕೂತೆ. ಬೆಲ್ ಹೌಸಿಂಗ್ ಒಳಗೆ ಆಯಿಲ್ ಬರಲು ಮುಖ್ಯವಾಗಿ ಎರಡು ದಾರಿ. ಒಂದು, ಎಂಜಿನ್‌ನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕ್ ಶಾಫ್ಟ್‌ನ ಹಿಂದಿನ ಸೀಲ್, ಅಂದರೆ ಶಾಫ್ಟ್ ಸುತ್ತ ಆಯಿಲ್ ಸೋರದಂತೆ ತಡೆಯುವ ಬಳೆ. ಇನ್ನೊಂದು, ಪಂಪ್ ಶಾಫ್ಟ್‌ನ ಸೀಲ್. ಮೊದಲನೆಯದಾದರೆ ಎಂಜಿನ್ ಆಯಿಲ್, ಎರಡನೆಯದಾದರೆ ಹೈಡ್ರಾಲಿಕ್ ಆಯಿಲ್. ತಳದ ತೂತಿನಿಂದ ತೊಟ್ಟಿಕ್ಕುತ್ತಿದ್ದ ಆಯಿಲನ್ನು ಬಿಳಿ ಕಾಗದದ ಮೇಲೆ ಹಿಡಿದೆ. ಮಸಿಯಂತೆ ಕಪ್ಪು, ಸುಟ್ಟ ವಾಸನೆ. ಹೈಡ್ರಾಲಿಕ್ ಆಯಿಲ್ ಆಗಿದ್ದರೆ ಜೇನಿನ ಬಣ್ಣ ಇರುತ್ತಿತ್ತು. ರಬ್ಬರ್ ಪುಡಿ ಸೇರಿ ಕಪ್ಪಾಗಿರಬಹುದು ಅನ್ನೋ ಅನುಮಾನಕ್ಕೆ ಐದು ದಿನ ಎರಡೂ ಲೆವೆಲ್ ಬರೆದಿಟ್ಟೆ. ಹೈಡ್ರಾಲಿಕ್ ಟ್ಯಾಂಕ್ ಗಾಜಿನ ಗೆರೆ ಅಲ್ಲಾಡಲಿಲ್ಲ. ಎಂಜಿನ್ ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಮಾತ್ರ ದಿನಾ ಇಳಿಯಿತು.

ಅಷ್ಟಕ್ಕೇ ಸೀಲ್ ಅಂತ ತೀರ್ಮಾನ ಮಾಡಬಾರದು. ಮೇಲೆ ರಾಕರ್ ಕವರ್ (ಎಂಜಿನ್ ತಲೆಯ ಮುಚ್ಚಳ) ಪ್ಯಾಕಿಂಗ್ ಸೋರಿ, ಎಂಜಿನ್ ಬೆನ್ನಿನ ಮೇಲೆ ಇಳಿದು, ಹೌಸಿಂಗ್ ತಳದಲ್ಲಿ ತೊಟ್ಟಿಕ್ಕುವುದೂ ಉಂಟು. ಎಂಜಿನ್ ಹಿಂಭಾಗ ಪೂರ್ತಿ ತೊಳೆದು, ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ ಅರ್ಧ ಗಂಟೆ ಓಡಿಸಿದೆ. ಮೇಲೆಲ್ಲ ಪೌಡರ್ ಒಣಗೇ ಇತ್ತು. ಕೆಳಗೆ ಮಾತ್ರ ತೊಟ್ಟು.

ಪಂಪ್ ಇಳಿಸುವ ಕೆಲಸ ಉದ್ದದ್ದು, ಆದರೆ ಅದರಲ್ಲಿ ಹೇಳುವಂಥದ್ದು ಕಮ್ಮಿ. ಬಕೆಟ್ ನೆಲಕ್ಕೆ ಊರಿ, ಎಂಜಿನ್ ಆಫ್ ಮಾಡಿ, ಲಿವರ್‌ಗಳನ್ನೆಲ್ಲ ಆಡಿಸಿ ಪ್ರೆಷರ್ ಇಳಿಸಿದೆ. ಟ್ಯಾಂಕ್‌ನ ಗಾಳಿ ಬಿಟ್ಟೆ. ಬ್ಯಾಟರಿ ಕಳಚಿದೆ. ಪ್ರತಿ ಹೋಸ್‌ಗೂ ನಂಬರ್ ಚೀಟಿ ಕಟ್ಟಿ, ಬಾಯಿಗೆ ಮುಚ್ಚಳ ಹಾಕಿದೆ. ಪಂಪ್ ತೂಕ ನೂರು ಕಿಲೋ ಮೀರುತ್ತೆ. ಚೈನ್ ಬ್ಲಾಕ್ ಇಲ್ಲದೆ ಕೈ ಹಾಕಬೇಡಿ. ಎದುರುಬದುರಾಗಿ ಎರಡು ಬೋಲ್ಟ್ ತೆಗೆದು, ಆ ಜಾಗಕ್ಕೆ ತಲೆ ಕತ್ತರಿಸಿದ ಉದ್ದ ಬೋಲ್ಟ್ ಹಾಕಿಕೊಂಡರೆ ಪಂಪ್ ಅದರ ಮೇಲೇ ನೇರವಾಗಿ ಜಾರಿ ಬರುತ್ತೆ. ವಾಪಸ್ ಕೂರಿಸುವಾಗ ಇನ್ನೂ ಅನುಕೂಲ.

ಒಳಗೆ ಕಪ್ಲಿಂಗ್ ರಬ್ಬರ್ ಹೆಬ್ಬೆರಳಲ್ಲಿ ಒತ್ತಿದರೆ ಹಳೇ ಬೆಣ್ಣೆಯಂತೆ ಕುಸಿಯುತ್ತಿತ್ತು. ಫ್ಲೈವೀಲ್ ಬಿಚ್ಚುವ ಮುಂಚೆ ಅದಕ್ಕೂ ಕ್ರ್ಯಾಂಕ್‌ಗೂ ಸೇರಿಸಿ ಗುರುತು ಹೊಡೆದೆ. ಫ್ಲೈವೀಲ್ ಇಳಿದ ಮೇಲೆ ಸೀಲ್ ಕಣ್ಣಿಗೆ ಬಿತ್ತು. ಸೀಲ್ ತುಟಿ ಗಟ್ಟಿಯಾಗಿ, ಒಂದು ಕಡೆ ಬಿರುಕು ಬಿಟ್ಟಿತ್ತು.

ಸ್ಕ್ರೂಡ್ರೈವರ್‌ನಿಂದ ಮೀಟಿ ತೆಗೆಯುವ ಆಸೆ ಆಗುತ್ತೆ. ಬೇಡ. ಶಾಫ್ಟ್ ಮೇಲೆ ಒಂದು ಗೀರು ಬಿದ್ದರೆ ಎಷ್ಟು ಹೊಸ ಸೀಲ್ ಹಾಕಿದರೂ ಸೋರುತ್ತೆ. ಸೀಲ್‌ನ ತಗಡಿನ ಭಾಗದಲ್ಲಿ ಎರಡು ಸಣ್ಣ ತೂತು ಕೊರೆದು, ಸ್ಕ್ರೂ ಹಾಕಿ, ಎರಡೂ ಕಡೆ ಸ್ವಲ್ಪ ಸ್ವಲ್ಪ ಎಳೆದೆ. ಡ್ರಿಲ್ ಬಿಟ್‌ಗೆ ಗ್ರೀಸ್ ಸವರಿದ್ದರಿಂದ ಪುಡಿ ಅಲ್ಲೇ ಅಂಟಿಕೊಂಡಿತು.

ಆಮೇಲೆ ಶಾಫ್ಟ್ ಒರೆಸಿ ಉಗುರು ಓಡಿಸಿದೆ. ನಡುವೆ ಉಗುರು ಸಿಕ್ಕಿಕೊಂಡಿತು. ಅಷ್ಟು ವರ್ಷ ಸೀಲ್ ತುಟಿ ಉಜ್ಜಿ ಉಜ್ಜಿ ಉಕ್ಕಿನಲ್ಲೇ ಸಣ್ಣ ಕಾಲುವೆ ಆಗಿತ್ತು. ಈ ಗೆರೆಯ ಮೇಲೇ ಹೊಸ ಸೀಲ್ ಕೂತರೆ ಕೆಲಸ ವ್ಯರ್ಥ. ಗೆರೆ ತೆಳುವಾಗಿದ್ದರೆ ಸೀಲನ್ನು ಒಂದೆರಡು ಮಿ.ಮೀ. ಸರಿಸಿ ಕೂರಿಸಬಹುದು, ಜಾಗ ಇರಬೇಕು ಅಷ್ಟೆ. ನನ್ನದು ಆಳವಿತ್ತು. ಶಾಫ್ಟ್ ಮೇಲೆ ಬಿಗಿಯಾಗಿ ಕೂರುವ ತೆಳು ಸ್ಟೀಲ್ ಸ್ಲೀವ್ ತರಿಸಿ ಹಾಕಿದೆ.

ಹೊಸ ಸೀಲ್ ಟೆಫ್ಲಾನ್ ತುಟಿಯದು. ಹಳೇ ರಬ್ಬರ್ ಸೀಲ್‌ಗಳಿಗೆ ತುಟಿಗೆ ಆಯಿಲ್ ಸವರಿ ಹಾಕುವುದು ನಮ್ಮ ಕೈಗೆ ಬಂದುಬಿಟ್ಟಿದೆ. ಇದಕ್ಕೆ ಹಾಗೆ ಮಾಡಬಾರದು, ಒಣಗೇ ಕೂರಿಸಬೇಕು. ಜೊತೆಗೆ ಬರುವ ಪ್ಲಾಸ್ಟಿಕ್ ಬಳೆಯನ್ನು ಸುಮ್ನೆ ಪ್ಯಾಕಿಂಗ್ ಅಂದುಕೊಂಡು ಬಿಸಾಡಬೇಡಿ. ಆ ಬಳೆಯ ಮೇಲಿಂದಲೇ ಸೀಲ್ ಶಾಫ್ಟ್‌ಗೆ ಜಾರಬೇಕು, ಇಲ್ಲದಿದ್ದರೆ ತುಟಿ ಒಳಗೆ ಮಡಚಿಕೊಳ್ಳುತ್ತೆ. ಸೀಲ್ ಜೊತೆಗಿನ ಕಾಗದವನ್ನು ನಾನು ಎರಡು ಸಲ ಓದಿದೆ.

ಆದರೂ ಒಂದು ಪ್ರಶ್ನೆ ಉಳಿದಿತ್ತು. ಸೀಲ್ ವಯಸ್ಸಾಗಿ ಹೋಯಿತೋ, ಬೇರೆ ಏನಾದರೂ ತಳ್ಳಿತೋ? ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್ ಕಳಚಿ ಊದಿ ನೋಡಿದೆ. ಗಾಳಿ ಹೋಗಲೇ ಇಲ್ಲ. ಒಳಗೆ ಟಾರಿನಂಥ ಕೆಸರು ಗಟ್ಟಿಯಾಗಿ ಕೂತಿತ್ತು. ಎಂಜಿನ್ ಒಳಗಿನ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಅದು ಸೀಲ್ ದಾರಿಯಲ್ಲೇ ಆಯಿಲನ್ನು ತಳ್ಳುತ್ತೆ. ಇದನ್ನು ನೋಡದೆ ಮುಚ್ಚಿದ್ದರೆ ಹೊಸ ಸೀಲ್‌ಗೂ ಅದೇ ಗತಿ. ಪೈಪ್ ಬದಲಿಸಿ, ಬ್ರೀದರ್ ಡಬ್ಬಿ ಡೀಸೆಲ್‌ನಲ್ಲಿ ತೊಳೆದೆ.

ಪಂಪ್ ಶಾಫ್ಟ್ ಸೀಲ್ ಸೋರುತ್ತಿರಲಿಲ್ಲ. ಅದನ್ನೂ ಬದಲಿಸಿದೆ. ಅಷ್ಟೆಲ್ಲ ಬಿಚ್ಚಿದ ಮೇಲೆ ಸಣ್ಣ ಸೀಲ್ ಉಳಿಸುವುದು ಉಳಿತಾಯ ಅಲ್ಲ. ಪಂಪ್ ಶಾಫ್ಟ್ ಮೇಲೆ ಹಬ್ (ಕಪ್ಲಿಂಗ್ ಹಿಡಿಯುವ ಲೋಹದ ತುಂಡು) ಕೂರುವ ಸ್ಪ್ಲೈನ್ ಹಲ್ಲುಗಳಲ್ಲಿ ತುಕ್ಕಿನ ಬಣ್ಣದ ಪುಡಿ ಇದ್ದರೆ ಹಬ್ ಸಡಿಲ ಇದ್ದು ಉಜ್ಜಿದೆ ಅಂತ ಅರ್ಥ. ನನ್ನದು ಸ್ವಚ್ಛವಾಗಿತ್ತು. ಹಬ್ ಬಿಚ್ಚುವ ಮುಂಚೆ ಪಂಪ್ ಮುಖದಿಂದ ಹಬ್ ತುದಿಯವರೆಗಿನ ಅಂತರವನ್ನು ವರ್ನಿಯರ್‌ನಲ್ಲಿ ಅಳೆದು, ಮ್ಯಾನ್ಯುಯಲ್ ಜೊತೆ ಹೋಲಿಸಿದ್ದೆ. ಹಬ್ ಜಾಸ್ತಿ ಮುಂದೆ ಬಂದರೆ ಶಾಫ್ಟ್ ಬೇರಿಂಗನ್ನು ಒತ್ತುತ್ತೆ, ಹಿಂದೆ ಹೋದರೆ ಕಪ್ಲಿಂಗ್ ಪೂರ್ತಿ ಹಿಡಿಯಲ್ಲ. ಬೋಲ್ಟ್ ಎಲ್ಲ ಹೊಸವು, ಟಾರ್ಕ್ ರೆಂಚ್‌ನಲ್ಲೇ ಬಿಗಿ. ಬೋಲ್ಟ್ ಸಡಿಲವಾಗದಂತೆ ಹಾಕುವ ಥ್ರೆಡ್ ಲಾಕ್ ದ್ರವ ರಬ್ಬರ್‌ಗೆ ತಾಗದಂತೆ ನೋಡಿಕೊಂಡೆ, ಅದು ರಬ್ಬರನ್ನು ಹಾಳುಮಾಡುತ್ತೆ.

ಸ್ಟಾರ್ಟ್ ಮಾಡುವ ಮುಂಚಿನ ಐದು ನಿಮಿಷ ದಯವಿಟ್ಟು ಉಳಿಸಬೇಡಿ. ಪಂಪ್ ಮೇಲಿನ ಡ್ರೇನ್ ಪೋರ್ಟ್ (ಆಯಿಲ್ ವಾಪಸ್ ಹೋಗುವ ತೂತು) ಬಿಚ್ಚಿ, ಪಂಪ್ ಒಳಗೆ ತುಂಬಿ ಹೊರಬರುವ ತನಕ ಶುದ್ಧ ಹೈಡ್ರಾಲಿಕ್ ಆಯಿಲ್ ಹಾಕಬೇಕು. ಒಣ ಪಂಪ್ ತಿರುಗಿದರೆ ಪಿಸ್ಟನ್‌ಗಳು ಸವೆಯಲು ಹೆಚ್ಚು ಹೊತ್ತು ಬೇಡ. ಆಮೇಲೆ ಲಿವರ್ ಮುಟ್ಟದೆ ಹತ್ತು ನಿಮಿಷ ಸ್ಲೋ ಸ್ಪೀಡಲ್ಲೇ ಬಿಟ್ಟೆ.

ಆಫ್ ಮಾಡುವಾಗ ಇಬ್ಬರೂ ಉಸಿರು ಹಿಡಿದು ನಿಂತಿದ್ದೆವು. ಎಂಜಿನ್ ಸುಮ್ಮನೆ ನಿಂತಿತು. ಹುಡುಗ ನನ್ನ ಮುಖ ನೋಡಿ ನಕ್ಕ. 50 ಗಂಟೆ ಕೆಲಸ ಆದ ಮೇಲೆ ಹೌಸಿಂಗ್ ತಳದ ತೂತಿಗೆ ಬೆರಳು ಹಾಕಿ ಸವರಿ ನೋಡಿದೆ. ಬರೀ ಧೂಳು ಅಂಟಿತು.