ಇಂಗ್ಲೆಂಡಿನ ಬಚ್ಚಲುಮನೆ ಲೈಟು: ನಾವೇ ಬದಲಾಯಿಸಬಹುದಾ?

ರಜೆಗೆ ಮೈಸೂರಿಗೆ ಬಂದಿದ್ದೇನೆ. ಮೊನ್ನೆ ಕುವೆಂಪುನಗರದ ಅಕ್ಕನ ಮನೆಯಲ್ಲಿ ಬಚ್ಚಲಿನ ಲೈಟು ಕೆಟ್ಟಿತು. ಎಲೆಕ್ಟ್ರಿಷಿಯನ್ ಬಂದು ಸ್ಟೂಲ್ ಹತ್ತಿ, ಟೇಪನ್ನು ಹಲ್ಲಲ್ಲಿ ಕಚ್ಚಿಕೊಂಡು ಹತ್ತೇ ನಿಮಿಷದಲ್ಲಿ ಹೊಸದು ಹಾಕಿದರು. ಕಾಫಿ ಕುಡಿದು ಹೋದರು. ಅಕ್ಕನ ಮಗ ಮುಂದಿನ ತಿಂಗಳು ಇಂಗ್ಲೆಂಡಿಗೆ ಹೊರಟಿದ್ದಾನೆ. "ಮಾವ, ಅಲ್ಲಿ ಇದಕ್ಕೂ ಪರ್ಮಿಷನ್ ಬೇಕಂತೆ, ಹೌದಾ?" ಅಂದ. ಅವನಿಗೆ ಹೇಳಿದ್ದನ್ನೇ ಮೈಸೂರು, ಮಂಡ್ಯ ಕಡೆಯಿಂದ ಹೊಸದಾಗಿ ಹೋಗುವವರಿಗೂ ಬರೆಯುತ್ತಿದ್ದೇನೆ.

ಬಾಡಿಗೆ ಮನೆಯಾದರೆ ಕೈ ಹಾಕಲೇಬೇಡಿ. ಓನರ್‌ಗೆ ಒಂದು ಮೇಲ್ ಹಾಕಿ ಸುಮ್ನಿರಿ. ವೈರಿಂಗ್ ಸರಿಯಾಗಿಡುವುದು ಅವರ ಕೆಲಸ. ಕನಿಷ್ಠ 5 ವರ್ಷಕ್ಕೊಮ್ಮೆ ಚೆಕ್ ಮಾಡಿಸಲೇಬೇಕು ಅಂತ ಕಾನೂನೇ ಇದೆ.

ಸ್ವಂತ ಮನೆಯಾದರೆ 'ಪಾರ್ಟ್ ಪಿ' ಅನ್ನುವ ಹೆಸರು ಕೇಳುತ್ತೀರಿ. ಮನೆಯ ಕರೆಂಟ್ ಕೆಲಸಕ್ಕೆ ಬಿಲ್ಡಿಂಗ್ ರೆಗ್ಯುಲೇಷನ್ಸ್‌ನಲ್ಲಿ 2005ರಿಂದ ಇರುವ ಭಾಗ ಇದು. ಹಳಬರು ಹೆದರಿಸುತ್ತಾರೆ. ಆದರೆ 2013ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನಲ್ಲಿ ಇದನ್ನು ಸಡಿಲ ಮಾಡಿದರು. ಇದ್ದ ಲೈಟು ತೆಗೆದು ಅದೇ ಜಾಗಕ್ಕೆ ಇನ್ನೊಂದು ಹಾಕಿದರೆ ಯಾರಿಗೂ ತಿಳಿಸಬೇಕಾಗಿಲ್ಲ, ಬಚ್ಚಲಾದರೂ ಅಷ್ಟೇ. ಕೆಲಸ ಮಾತ್ರ ಸುರಕ್ಷಿತವಾಗಿರಬೇಕು. ಹೊಸ ಸರ್ಕ್ಯೂಟ್ ಎಳೆದರೆ, ಇಲ್ಲವೇ ಸ್ನಾನದ ತೊಟ್ಟಿಯ ಅಂಚಿನಿಂದ 60 ಸೆಂಟಿಮೀಟರ್ ಒಳಗೆ, ನೆಲದಿಂದ 2.25 ಮೀಟರ್ ಎತ್ತರದವರೆಗಿನ ಜಾಗದಲ್ಲಿ ಹೊಸ ಪಾಯಿಂಟ್ ಸೇರಿಸಿದರೆ ತಿಳಿಸಬೇಕು. ರಿಜಿಸ್ಟರ್ ಆದ ಎಲೆಕ್ಟ್ರಿಷಿಯನ್ ಮಾಡಿದರೆ ಅವರೇ ತಿಳಿಸುತ್ತಾರೆ. ನೀವೇ ಮಾಡುವುದಾದರೆ ಶುರು ಮಾಡುವ ಮೊದಲೇ ಕೌನ್ಸಿಲ್‌ನ (ಅಲ್ಲಿನ ನಗರಸಭೆಯ) ಬಿಲ್ಡಿಂಗ್ ಕಂಟ್ರೋಲ್ ವಿಭಾಗಕ್ಕೆ ಹೇಳಿ ಫೀಸು ಕಟ್ಟಬೇಕು. ವೇಲ್ಸ್, ಸ್ಕಾಟ್ಲೆಂಡಿನ ನಿಯಮ ಬೇರೆ.

ಕಾನೂನಿಗಿಂತ ನನ್ನನ್ನು ಜಾಸ್ತಿ ಆಟ ಆಡಿಸಿದ್ದು ಕಪ್ಪು ವೈರ್. ಅಲ್ಲಿ ಬಚ್ಚಲಲ್ಲಿ ಸಾಮಾನ್ಯವಾಗಿ ಗೋಡೆ ಸ್ವಿಚ್ ಇರುವುದಿಲ್ಲ, ಸೀಲಿಂಗಿನಿಂದ ಒಂದು ದಾರ ಇಳಿಬಿಟ್ಟಿರುತ್ತಾರೆ. ನನ್ನದು ಹಳೇ ಮನೆ. ಲೈಟು ಬಿಚ್ಚಿದರೆ ಒಳಗೆ ಮೂರು ಕೇಬಲ್! ಕರೆಂಟ್ ತರುವುದೊಂದು, ಮುಂದಿನ ರೂಮಿಗೆ ಹೋಗುವುದೊಂದು, ಸ್ವಿಚ್ಚಿಗೆ ಹೋಗುವುದೊಂದು. ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ನಮ್ಮೂರಿನ ಲೆಕ್ಕ ಅದೇ ಅಲ್ವಾ? ಕೆಂಪನ್ನೆಲ್ಲ ಒಟ್ಟಿಗೆ, ಕಪ್ಪನ್ನೆಲ್ಲ ಒಟ್ಟಿಗೆ ಸೇರಿಸಿದೆ. ಲೈಟೇನೋ ಹತ್ತಿತು. ದಾರ ಎಳೆದೆ ನೋಡಿ, ಫಟ್ ಅಂತ ಟ್ರಿಪ್. ಸ್ವಿಚ್ಚಿನ ಕೇಬಲ್ಲಿನ ಕಪ್ಪು ವೈರ್ ನ್ಯೂಟ್ರಲ್ಲೇ ಅಲ್ಲ, ಸ್ವಿಚ್ಚಿನಿಂದ ಲೈಟಿಗೆ ಫೇಸ್ ತರುವುದು ಅದು. ಅದರ ತುದಿಗೆ ಕೆಂಪು ಟೇಪು ಸುತ್ತಿರಬೇಕು. ನಮ್ಮನೆಯಲ್ಲಿ ಯಾರೂ ಸುತ್ತಿರಲಿಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟ್ ಕಳಿಸಿದ ಮಂಡ್ಯ ಸೀಮೆಯವನು ಅನ್ನುವ ಜಂಬ ಅವತ್ತು ಇಳಿಯಿತು.

ಹೊಸ ಮನೆಗಳಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್. ಅಲ್ಲೂ ಸ್ವಿಚ್ಚಿನ ನೀಲಿ ವೈರ್ ಇದೇ ಆಟ ಆಡುತ್ತದೆ. ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ, ಯಾವುದು ಎಲ್ಲಿತ್ತು ಅಂತ ಚೀಟಿ ಅಂಟಿಸಿ. ದಾರ ಎಳೆದು ಆಫ್ ಮಾಡಿದರೆ ಸಾಲದು, ಕೆಲವು ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಕನ್ಸ್ಯೂಮರ್ ಯೂನಿಟ್‌ನಲ್ಲೇ, ಅಂದರೆ ಮನೆಯ ಮೇನ್ ಸ್ವಿಚ್ ಬೋರ್ಡಿನಲ್ಲೇ ಆಫ್ ಮಾಡಿ. ನಮ್ಮ ಸ್ಕ್ರೂಡ್ರೈವರ್ ಟೆಸ್ಟರ್ ನಂಬಬೇಡಿ, ಎರಡು ಮೊನೆಯ ವೋಲ್ಟೇಜ್ ಟೆಸ್ಟರ್ ಕೊಂಡುಕೊಳ್ಳಿ. ಹಸಿರು-ಹಳದಿ ಅರ್ತ್ ವೈರೇ ಕಾಣದಿದ್ದರೆ ಮೆಟಲ್ ಲೈಟು ಹಾಕಬೇಡಿ. 1966ಕ್ಕಿಂತ ಹಿಂದಿನ ವೈರಿಂಗ್‌ನಲ್ಲಿ ಲೈಟಿಗೆ ಅರ್ತ್ ಇಲ್ಲದಿರಬಹುದು.

ಅಕ್ಕ ಹಿತ್ತಾಳೆಯ ಲೈಟೊಂದನ್ನು ಸೂಟ್‌ಕೇಸಿಗೆ ಹಾಕಲು ನೋಡುತ್ತಿದ್ದಳು. ಅಲ್ಲೂ 230 ವೋಲ್ಟೇ, ನಮ್ಮ ಪಿನ್ ಬಲ್ಬೂ ಕೂರುತ್ತದೆ. ಆದರೂ ಬಚ್ಚಲಿಗೆ ಬೇಡ ಅಂದೆ. ತೊಟ್ಟಿಯ ಮೇಲೆ, ಪಕ್ಕದಲ್ಲಿ ಹಾಕುವ ಲೈಟಿಗೆ ಐಪಿ ನಂಬರಿನ (ಧೂಳು, ನೀರು ಎಷ್ಟು ತಡೆಯುತ್ತದೆ ಅನ್ನುವ ನಂಬರು) ಎರಡನೇ ಅಂಕಿ ಕನಿಷ್ಠ 4 ಇರಬೇಕು. ಅದು ನೀರಿನ ಎರಚಲು ತಡೆಯುವ ಗುರುತು. ಅಂಗಡಿಯಲ್ಲಿ ಐಪಿ44 ಅಂತ ಕೇಳಿದರೆ ಸಾಕು.

ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿದರೆ ಸರ್ಟಿಫಿಕೇಟ್ ಕೇಳಿ ಇಸ್ಕೊಳ್ಳಿ. ಮನೆ ಮಾರುವಾಗ ಕೊಳ್ಳುವವರ ವಕೀಲರು ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು.