ಬತ್ತಾ ಪುಸ್ತಕದಿಂದ ಬಿಡಿಸಿದ 47 ಚಿತ್ರಗಳು

ಹಳೆಯ ಕಾಲದ ಸಿನಿಮಾ ತಂತ್ರಜ್ಞರೊಬ್ಬರು ದುಡಿದ ಚಿತ್ರಗಳ ಪಟ್ಟಿ ಮಾಡುತ್ತಿದ್ದೇನೆ. ಟೈಟಲ್ ಕಾರ್ಡಿನಲ್ಲಿ ಅವರ ಹೆಸರು ಬಂದಿರುವುದು ಹನ್ನೊಂದು ಕನ್ನಡ ಚಿತ್ರಗಳಲ್ಲಿ. ನನ್ನ ಪಟ್ಟಿಯಲ್ಲಿ ಈಗ 47 ಇವೆ. ಸಹಾಯಕ ಸಂಕಲನಕಾರ, ನಿರ್ಮಾಣ ನಿರ್ವಾಹಕ, ಸಹನಿರ್ದೇಶಕ, ಎರಡು ಕಡೆ ಕಂಠದಾನ, ಮೂರು ಕಡೆ ಒಂದೊಂದು ದೃಶ್ಯದ ನಟನೆ, ಎಲ್ಲವೂ ಒಬ್ಬರೇ. ಮನೆಯವರ ಇಚ್ಛೆಯಂತೆ ಹೆಸರು ಬರೆಯುತ್ತಿಲ್ಲ, ಯಜಮಾನರು ಎಂದೇ ಕರೆಯುತ್ತೇನೆ.

ಈ ಕೆಲಸ ಶುರು ಮಾಡಿದಾಗ ಹಿರಿಯ ಸಿನಿಮಾ ವರದಿಗಾರರೊಬ್ಬರು, 'ಒಂದೇ ಹೆಸರಿನ ಮೂವರನ್ನು ಸೇರಿಸಿ ಹೊಲಿದಿದ್ದೀರಿ' ಎಂದು ಪಟ್ಟಿಯನ್ನು ಪಕ್ಕಕ್ಕೆ ಸರಿಸಿದ್ದರು. ಅವರ ಮಾತು ಸ್ವಲ್ಪ ನಿಜವೂ ಆಗಿತ್ತು, ಅದನ್ನು ಮುಂದೆ ಹೇಳುತ್ತೇನೆ.

ಮೊದಲ ಎರಡು ವರ್ಷ ನಾನೂ ಎಲ್ಲರಂತೆ ಹಾಡಿನ ಪುಸ್ತಕಗಳ ಹಿಂದೆ ಬಿದ್ದೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಒಂದೊಂದಕ್ಕೆ ನೂರೈವತ್ತರಿಂದ ನಾನೂರು ರೂಪಾಯಿ ತೆತ್ತು ಅರವತ್ತರ ಹತ್ತಿರ ಕೊಂಡೆ. ಹದಿನೈದು ಸಾವಿರದಷ್ಟು ಹೋಯಿತು, ಸಿಕ್ಕಿದ್ದು ನಾಲ್ಕು ನಮೂದು. ಹಾಡಿನ ಪುಸ್ತಕದಲ್ಲಿ ಸಂಕಲನಕಾರರ ಹೆಸರು ಇರುತ್ತದೆ, ಸಹಾಯಕರದ್ದು ಜಾಗ ಮಿಕ್ಕಿದರೆ ಮಾತ್ರ. ವಿಸಿಡಿಗಳದ್ದು ಇನ್ನೊಂದು ಗೋಳು. ಎಷ್ಟೋ ಪ್ರತಿಗಳಲ್ಲಿ ಮೊದಲ ರೀಲಿನ ಟೈಟಲ್‌ಗಳನ್ನೇ ಕತ್ತರಿಸಿ ಕಂಪನಿಯ ಜಾಹೀರಾತು ಅಂಟಿಸಿದ್ದಾರೆ. ಅದಕ್ಕೂ ಏಳೆಂಟು ಸಾವಿರ ಸುರಿದೆ.

ದಾರಿ ತೆರೆದದ್ದು ಯಜಮಾನರ ಮಗಳು ಟ್ರಂಕಿನಿಂದ ತೆಗೆದುಕೊಟ್ಟ ಎರಡು ಬತ್ತಾ ಪುಸ್ತಕಗಳಿಂದ, ಅಂದರೆ ಕೆಲಸದ ದಿನಗಳನ್ನೂ ದಿನಭತ್ಯೆಯನ್ನೂ ಬರೆದಿಟ್ಟ ಪುಸ್ತಕಗಳಿಂದ. ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳಲ್ಲೇ ಹೆಚ್ಚಾಗಿ ತಯಾರಾಗುತ್ತಿದ್ದ ಕಾಲದವು. ಒಂದು ಸಾಲು ಹೀಗಿದೆ: '12, ಗುರುವಾರ. ವಾಹಿನಿ ಫ್ಲೋರ್. ಪ್ರೊ. ನಂ. 3. ಒಂದೂವರೆ ಕಾಲ್‌ಶೀಟ್. ಬತ್ತಾ 7.' ವಾಹಿನಿ ಮದರಾಸಿನ ಸ್ಟುಡಿಯೋ, ಕಾಲ್‌ಶೀಟ್ ಎಂದರೆ ಒಂದು ಪಾಳಿಯ ಕೆಲಸ. ಚಿತ್ರದ ಹೆಸರಿಲ್ಲ, ಇಸವಿಯೂ ಇಲ್ಲ. ಮೊದಲ ಬಾರಿ ನೋಡಿ ನಿರಾಸೆಯಿಂದ ಆರು ತಿಂಗಳು ಮುಚ್ಚಿಟ್ಟಿದ್ದೆ. ಆಮೇಲೆ ಒಂದು ಪುಟದಲ್ಲಿ 'ಯುಗಾದಿ, ರಜೆ' ಎಂದು ಕಂಡಿತು. ಹಳೆಯ ಪಂಚಾಂಗಗಳನ್ನು ತಂದು ಆ ತಾರೀಖಿಗೂ ವಾರಕ್ಕೂ ಯುಗಾದಿ ಬಿದ್ದ ವರ್ಷವನ್ನು ಹುಡುಕಿದೆ. ಒಂದೇ ವರ್ಷ ಹೊಂದಿತು! ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಎಣಿಸಿದರೆ ಇಡೀ ಪುಸ್ತಕಕ್ಕೆ ಇಸವಿ ಕೂಡಿಬಂತು.

ಉಳಿದದ್ದು 'ಪ್ರೊ. ನಂ. 3'. ಹೆಸರಿಡುವ ಮುನ್ನ ಚಿತ್ರವನ್ನು ನಿರ್ಮಾಣ ಸಂಸ್ಥೆಯ ಪ್ರೊಡಕ್ಷನ್ ನಂಬರಿನಿಂದಲೇ ಕರೆಯುತ್ತಿದ್ದರು. ಸಂಸ್ಥೆ ತಿಳಿದರೆ ಅದರ ಮೂರನೆಯ ಚಿತ್ರ ತಿಳಿಯುತ್ತದೆ. ಸಂಸ್ಥೆಯ ಹೆಸರೇ ಬರೆಯದ ಸಾಲುಗಳಲ್ಲಿ ಅದನ್ನು ಹೇಗೆ ಗುರುತಿಸಿದೆ ಎಂಬುದನ್ನು ಸದ್ಯಕ್ಕೆ ಬರೆಯುವುದಿಲ್ಲ. ಇನ್ನಿಬ್ಬರು ತಂತ್ರಜ್ಞರ ಪಟ್ಟಿ ಅದೇ ದಾರಿಯಲ್ಲಿ ಸಾಗಿದೆ, ಅದು ಮುಗಿಯಲಿ. ಸಿಕ್ಕ ಚಿತ್ರವನ್ನು ಸೆನ್ಸಾರ್ ಪ್ರಮಾಣಪತ್ರದ ತಾರೀಖಿನೊಂದಿಗೆ ಹೋಲಿಸುತ್ತಿದ್ದೆ. ಡಬ್ಬಿಂಗ್ ಕಾಲ್‌ಶೀಟ್ ನಡೆದ ದಿನಕ್ಕಿಂತ ಮೊದಲೇ ಪ್ರಮಾಣಪತ್ರ ಸಿಕ್ಕಿದ್ದರೆ ಆ ಚಿತ್ರ ಅವರದ್ದಲ್ಲ. ಹೀಗೆ ಒಂಬತ್ತು ಚಿತ್ರಗಳನ್ನು ನಾನೇ ಹೊಡೆದುಹಾಕಿದೆ. ಅವುಗಳಲ್ಲಿ ಆರು, ಅದೇ ಹೆಸರು, ಅದೇ ಇನಿಷಿಯಲ್‌ನ ಪ್ರಸಾಧನ ಕಲಾವಿದರೊಬ್ಬರವು. ವರದಿಗಾರರ ಮಾತಿನಲ್ಲಿ ಇದ್ದ ನಿಜ ಇಷ್ಟೇ.

ಪ್ರಮಾಣಪತ್ರದಲ್ಲಿ ಚಿತ್ರದ ಉದ್ದ ತೋರಿಸುವ ಮೀಟರ್ ಲೆಕ್ಕವನ್ನೂ ಬಿಡಬೇಡಿ. 35 ಎಂಎಂ ಫಿಲ್ಮ್ ನಿಮಿಷಕ್ಕೆ ಸುಮಾರು 27.4 ಮೀಟರ್ ಓಡುತ್ತದೆ. 4,400 ಮೀಟರ್ ಎಂದಿದ್ದ ಚಿತ್ರ 161 ನಿಮಿಷ ಇರಬೇಕು, ನನ್ನ ಕೈಯಲ್ಲಿದ್ದ ಟಿವಿ ಪ್ರತಿ 148 ನಿಮಿಷ. ಟಿವಿ ಪ್ರತಿ ಸೆಕೆಂಡಿಗೆ 24ರ ಬದಲು 25 ಚೌಕಟ್ಟು ಓಡುವುದರಿಂದ ಅದು ನಿಜಕ್ಕೆ 154. ಅಂದರೆ ಆರೇಳು ನಿಮಿಷ ಮಾಯ. ಯಜಮಾನರ ದೃಶ್ಯ ಆ ಆರೇಳು ನಿಮಿಷದಲ್ಲೇ ಇತ್ತು. ಬೇರೆ ಪ್ರತಿಯಲ್ಲಿ ಸಿಕ್ಕಿತು.

ಈ 24, 25ರ ವ್ಯತ್ಯಾಸ ಕಂಠದಾನದ ವಿಷಯದಲ್ಲೂ ನೆರವಿಗೆ ಬಂತು. ಅವರ ಧ್ವನಿ ಇರುವುದು ಮೊಮ್ಮಗನ ನಾಮಕರಣದ ಕ್ಯಾಸೆಟ್‌ನಲ್ಲಿ, ನಾಲ್ಕು ನಿಮಿಷ. ಧ್ವನಿ ಹೋಲಿಸುವ ತಂತ್ರಾಂಶಕ್ಕೆ ಮೂರು ಸಾವಿರ ಕೊಟ್ಟೆ, ಅದು ಒಪ್ಪಲಿಲ್ಲ. ಟಿವಿ ಪ್ರತಿಯಲ್ಲಿ ವೇಗವಾಗಿದ್ದ ಚಿತ್ರದ ಧ್ವನಿಯನ್ನು ನೂರಕ್ಕೆ ನಾಲ್ಕರಷ್ಟು ನಿಧಾನಗೊಳಿಸಿ ಕೇಳಿದೆ. 'ಹೌದಪ್ಪಾ' ಎನ್ನುವಾಗ 'ಪ್ಪಾ' ಮೇಲೆ ಅವರು ಕೊಡುವ ಒತ್ತು ಎರಡರಲ್ಲೂ ಒಂದೇ. ಮಗಳಿಗೆ ಕೇಳಿಸಿದೆ. ಎರಡನೆಯ ಬಾರಿ ಹಾಕಲು ಅವರು ಬಿಡಲಿಲ್ಲ, ಎದ್ದು ಒಳಗೆ ಹೋದರು.

ನಟನೆಯ ಮೂರಕ್ಕೂ ಪುರಾವೆ ಕೈಗಡಿಯಾರ. ಅವರು ಡಯಲನ್ನು ಮಣಿಕಟ್ಟಿನ ಒಳಭಾಗಕ್ಕೆ ಕಟ್ಟುತ್ತಿದ್ದರು, ಮನೆಯ ಎಲ್ಲ ಫೋಟೋಗಳಲ್ಲೂ ಹಾಗೆಯೇ. ಅಂಚೆಯವನ ವೇಷದಲ್ಲಿ ಕಾಗದ ಚಾಚುವಾಗ ಅಂಗೈ ಮೇಲಾಗುತ್ತದೆ, ಡಯಲ್ ಕ್ಯಾಮೆರಾಕ್ಕೆ ಹೊಳೆಯುತ್ತದೆ. ಮುಖ ಅರ್ಧ ನೆರಳಿನಲ್ಲಿದೆ, ಆದರೆ ಗಡಿಯಾರದ ಬೆಲ್ಟಿನ ಹೊಲಿಗೆ ಬಿಟ್ಟ ಜಾಗ ಕೂಡ ಫೋಟೋದಲ್ಲಿರುವಂತೆಯೇ ಇದೆ. ಉಳಿದ ಎರಡರಲ್ಲೂ ಅದೇ ಗಡಿಯಾರ.

ಒಟ್ಟು ಖರ್ಚು ನಲವತ್ತು ಸಾವಿರ ದಾಟಿರಬಹುದು, ಓಡಾಟ ಸೇರಿ. ಕಳೆದ ತಿಂಗಳು ಅದೇ ವರದಿಗಾರರು ಪಟ್ಟಿಯನ್ನು ಎರಡು ಗಂಟೆ ಕೂತು ಓದಿ, ತಮ್ಮ ಸಂಗ್ರಹದ ಸ್ಥಿರಚಿತ್ರಗಳ ಪೆಟ್ಟಿಗೆಯನ್ನೇ ನನಗೆ ಬಿಟ್ಟುಕೊಟ್ಟರು. ಬತ್ತಾ ಪುಸ್ತಕದಲ್ಲಿ ಇನ್ನೂ ಆರು ಸಾಲುಗಳು ಉಳಿದಿವೆ. ಅವುಗಳಲ್ಲಿ ನಾಲ್ಕು ಒಂದೇ ಸಂಸ್ಥೆಯ 'ಪ್ರೊ. ನಂ. 1'. ಪೆಟ್ಟಿಗೆಯನ್ನು ನಾಳೆ ತೆರೆಯುತ್ತೇನೆ.