ಗೋಧಿ ಕ್ರಾಸ್ ಮಾಡೋದು ಹೇಗೆ, ಅದರ ಕಸುವನ್ನು ಅಳೆಯೋದು ಹೇಗೆ

‘ಹತ್ತಿಯಲ್ಲಿ ಹೈಬ್ರಿಡ್ ಇದೆ, ಮೆಕ್ಕೆಜೋಳದಲ್ಲಿ ಇದೆ, ಗೋಧಿಯಲ್ಲಿ ಯಾಕಿಲ್ಲ ಮೇಡಂ?’ ಪ್ರತಿ ಹಿಂಗಾರಿನಲ್ಲೂ ಯಾರಾದರೊಬ್ಬ ವಿದ್ಯಾರ್ಥಿ ಕೇಳಿಯೇ ಕೇಳುತ್ತಾರೆ. 1972ರಲ್ಲಿ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ಕೊಟ್ಟ ಧಾರವಾಡದಲ್ಲಿ ಈ ಪ್ರಶ್ನೆ ಬರೋದು ಸಹಜ. ನಾನು ಉತ್ತರ ಹೇಳುವುದಿಲ್ಲ, ಕೈಗೆ ಚಿಮುಟ ಕೊಡುತ್ತೇನೆ. ಒಂದು ತೆನೆ ಕ್ರಾಸ್ ಮಾಡಿದರೆ, ಅಂದರೆ ಒಂದು ತಳಿಯ ಹೂವಿಗೆ ಇನ್ನೊಂದು ತಳಿಯ ಪರಾಗ ಕೊಟ್ಟರೆ, ಅರ್ಧ ಉತ್ತರ ತಾನಾಗಿಯೇ ಸಿಗುತ್ತದೆ.

ಮೊದಲು ತಂದೆ-ತಾಯಿ ಆರಿಸಿ. ಚಪಾತಿ ಗೋಧಿಯಲ್ಲಿ 42 ಕ್ರೋಮೋಸೋಮ್, ನಮ್ಮ ಸದಕ (ಖಪ್ಲಿ) ಗೋಧಿಯಲ್ಲಿ 28. ಇವೆರಡನ್ನೂ ಸೇರಿಸಿದರೆ ಎಫ್-1ರಲ್ಲಿ, ಅಂದರೆ ಕ್ರಾಸ್‌ನ ಮೊದಲ ತಲೆಮಾರಿನಲ್ಲಿ, 35 ಬರುತ್ತದೆ, ಅದರಲ್ಲಿ ಏಳಕ್ಕೆ ಜೋಡಿಯೇ ಇರುವುದಿಲ್ಲ. ಗಿಡ ಎತ್ತರ ಬೆಳೆದೀತು, ತೆನೆ ಮಾತ್ರ ಜೊಳ್ಳು. ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಸಿ-306 ತರಹದ ಹಳೆಯ ಎತ್ತರದ ತಳಿಯಲ್ಲಿ ಎನ್ಇ-1 ಎಂಬ ಜೀನ್ ಇದೆ, ಡಬ್ಲ್ಯೂಎಲ್-711 ತರಹದ ಗಿಡ್ಡ ತಳಿಯಲ್ಲಿ ಎನ್ಇ-2 ಇದೆ. ಬೇರೆ ಬೇರೆಯಾಗಿದ್ದಾಗ ಎರಡೂ ಸಾಧು. ಒಂದೇ ಗಿಡಕ್ಕೆ ಬಂದರೆ ಕೆಳಗಿನ ಎಲೆಯ ತುದಿಯಿಂದ ಶುರುವಾಗಿ ಒಂದೊಂದೇ ಎಲೆ ಸುಟ್ಟಂತೆ ಒಣಗುತ್ತದೆ. ತೀವ್ರವಾದರೆ ತೆನೆ ಬರುವ ಮೊದಲೇ ಗಿಡ ಸಾಯುತ್ತದೆ. ವಿಚಿತ್ರ ನೋಡಿ, ಈ ಎನ್ಇ-2 ಮತ್ತು ಎಲೆ ತುಕ್ಕನ್ನು ತಡೆಯುವ ಎಲ್ಆರ್-13 ಒಂದೇ ಜೀನ್ ಎಂದು 2021ರಲ್ಲಿ ಗೊತ್ತಾಯಿತು. ತುಕ್ಕಿಗೆ ಅಂತ ತಂದಿಟ್ಟುಕೊಂಡದ್ದೇ ಕ್ರಾಸಿಂಗ್‌ನಲ್ಲಿ ಕಾಲೆಳೆಯುತ್ತದೆ.

ಈಗ ಕೈಕೆಲಸ. ತಾಯಿ ಗಿಡದ ತೆನೆ ಪೂರ್ತಿ ಹೊರಬಂದಿರಬೇಕು, ಹೂ ಬಿಚ್ಚಿರಬಾರದು. ನಡುವಿನ ಒಂದು ಹೂವನ್ನು ತೆರೆದು ನೋಡಿ. ಪರಾಗಕೋಶ ತಿಳಿ ಹಸಿರಾಗಿದ್ದರೆ ಸರಿ, ಹಳದಿಗೆ ತಿರುಗಿದ್ದರೆ ಆ ತೆನೆ ಬಿಟ್ಟುಬಿಡಿ. ತುದಿಯ ಮತ್ತು ಬುಡದ ಸಣ್ಣ ಕಿರುತೆನೆಗಳನ್ನು ಕಿತ್ತುಹಾಕಿ. ಉಳಿದ ಒಂದೊಂದರಲ್ಲೂ ನಡುವಿನ ಹೂಗಳನ್ನು ಚಿಮುಟದಿಂದ ಹಿಡಿದು ಕೆಳಕ್ಕೆ ಎಳೆದರೆ ಕಿತ್ತು ಬರುತ್ತವೆ. ಅಕ್ಕಪಕ್ಕದ ಎರಡು ಹೂ ಸಾಕು. ಮೀಸೆಯ ಜೊತೆಗೆ ಹೊಟ್ಟಿನ ಮೇಲಿನ ಮೂರನೇ ಒಂದು ಭಾಗವನ್ನೂ ಕತ್ತರಿಸಿ. ಒಳಗೆ ಮೂರು ಪರಾಗಕೋಶ ಇರುತ್ತವೆ. ಮೂರನ್ನೂ ಎಣಿಸಿಯೇ ತೆಗೆಯಿರಿ, ಒಂದು ಉಳಿದರೂ ಹೂವಿಗೆ ತನ್ನ ಪರಾಗವೇ ಸಿಕ್ಕಿ ಆ ಕಾಳು ಕ್ರಾಸ್ ಅಲ್ಲ. ಒಂದು ಒಡೆದರೆ ಆ ಹೂವನ್ನೇ ಕಿತ್ತು, ಚಿಮುಟವನ್ನು ಸ್ಪಿರಿಟ್‌ನಲ್ಲಿ ಅದ್ದಿ ಮುಂದಕ್ಕೆ ಹೋಗಿ. ಬಟರ್ ಪೇಪರ್ ಚೀಲ ಹಾಕಿ, ಚೀಟಿ ಕಟ್ಟಿ. ತಾಯಿಯ ಹೆಸರು ಮೊದಲು, ಆಮೇಲೆ ತಂದೆಯದು.

ಎರಡು-ಮೂರು ದಿನಕ್ಕೆ ಪರಾಗ ಹಿಡಿಯುವ ಶಲಾಕಾಗ್ರ ಪುಕ್ಕದ ಹಾಗೆ ಬಿಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಬಿಸಿಲೇರಿದ ಮೇಲೆ ತಂದೆ ತೆನೆಯ ಹೂಗಳ ತುದಿ ಕತ್ತರಿಸಿ ಬಿಸಿಲಿಗೆ ಹಿಡಿಯಿರಿ, ಸ್ವಲ್ಪ ಹೊತ್ತಿಗೆ ಪರಾಗಕೋಶಗಳು ಹೊರಗೆ ಇಣುಕುತ್ತವೆ. ತಾಯಿಯ ಚೀಲದ ತುದಿ ಕತ್ತರಿಸಿ, ಆ ತೆನೆಯನ್ನು ತಲೆಕೆಳಗಾಗಿ ಒಳಗಿಟ್ಟು ಗರಗರ ತಿರುಗಿಸಿ, ಚೀಲ ಮಡಚಿ ಪಿನ್ ಹಾಕಿ. ತಡ ಮಾಡಬೇಡಿ. ಗೋಧಿ ಪರಾಗದ ಆಯುಷ್ಯ ನಿಮಿಷಗಳ ಲೆಕ್ಕದ್ದು.

ಇನ್ನು ಕಸುವು ಅಳೆಯೋದು, ಅಂದರೆ ಎಫ್-1 ತನ್ನ ತಂದೆ-ತಾಯಿಗಿಂತ ಎಷ್ಟು ಹೆಚ್ಚು ಕೊಟ್ಟಿತು ಅಂತ ನೋಡೋದು. ಒಂದು ತೆನೆಗೆ ಹದಿನೈದು ಕಾಳು ಸಿಕ್ಕಿತು ಅಂತಿಟ್ಟುಕೊಳ್ಳಿ. ಐದು ಚದರ ಮೀಟರಿನ ಒಂದು ಸಣ್ಣ ಪ್ಲಾಟಿಗೆ ಹೆಕ್ಟೇರಿಗೆ 100 ಕೆಜಿ ಲೆಕ್ಕದಲ್ಲಿ 50 ಗ್ರಾಂ ಬೀಜ ಬೇಕು, ಅಂದರೆ ಸುಮಾರು 1,250 ಕಾಳು. ಮೂರು ಪ್ಲಾಟಿಗೆ 250 ತೆನೆ! ಯಾರು ಮಾಡ್ತಾರೆ? ಅದಕ್ಕೇ ಎಲ್ಲರೂ ಇರುವ ಹತ್ತಿಪ್ಪತ್ತು ಕಾಳನ್ನು ದೂರ ದೂರ ಊರಿ, ಗಿಡಕ್ಕೆ ಎಷ್ಟು ಗ್ರಾಂ ಬಂತು ಅಂತ ತೂಗುತ್ತಾರೆ. ಜಾಗ ಸಿಕ್ಕ ಎಫ್-1 ಬುಡದಿಂದ ಸಿಕ್ಕಾಪಟ್ಟೆ ತೆಂಡೆ (ಮರಿ ಕವಲು) ಹೊಡೆಯುತ್ತದೆ, ಕಸುವು 40 ಪ್ರತಿಶತ ಅಂತ ಪ್ರಬಂಧದಲ್ಲಿ ಬರುತ್ತದೆ. ರೈತನ ಸಾಲಿನಲ್ಲಿ ಆ ತೆಂಡೆಗೆ ಜಾಗವೇ ಇಲ್ಲ. ಇಂಥ ಅಂಕಿಯನ್ನು ನಾನು ನಂಬುವುದಿಲ್ಲ. ಜರ್ಮನಿಯಲ್ಲಿ 135 ತಳಿಗಳಿಂದ 1,604 ಹೈಬ್ರಿಡ್ ಮಾಡಿ, ಪ್ಲಾಟಿನಲ್ಲೇ ಬೆಳೆದು ನೋಡಿದಾಗ ತಂದೆ-ತಾಯಿಯ ಸರಾಸರಿಗಿಂತ ಸಿಕ್ಕ ಇಳುವರಿ ಹತ್ತು ಪ್ರತಿಶತದ ಆಸುಪಾಸು ಜಾಸ್ತಿ, ಅಷ್ಟೇ.

ದೂರ ಊರುವುದೇ ಅನಿವಾರ್ಯವಾದರೆ ತಂದೆ, ತಾಯಿ, ಎಫ್-1, ಜೊತೆಗೆ ಯುಎಎಸ್-304ನಂಥ ಒಂದು ಒಳ್ಳೆಯ ತಳಿ, ನಾಲ್ಕನ್ನೂ ಒಂದೇ ದಿನ, ಒಂದೇ ಅಂತರದಲ್ಲಿ ಹಾಕಿ. ಲೆಕ್ಕ ಮೂರು ರೀತಿ ಮಾಡಿ. ತಾಯಿ 20 ಗ್ರಾಂ, ತಂದೆ 16, ಎಫ್-1 21 ಎನ್ನಿ. ಸರಾಸರಿ 18ಕ್ಕೆ ಹೋಲಿಸಿದರೆ ಕಸುವು 16.7 ಪ್ರತಿಶತ. ತಾಯಿಗೆ ಹೋಲಿಸಿದರೆ ಬರೀ 5. ಒಳ್ಳೆಯ ತಳಿ 22 ಕೊಟ್ಟಿದ್ದರೆ ಕೈಯಿಂದಲೇ 4.5 ಹೋಯಿತು. ರೈತನಿಗೆ ಬೇಕಾದದ್ದು ಕೊನೆಯ ಅಂಕಿ.

ಇಷ್ಟು ಕಡಿಮೆ ಯಾಕೆ? ಮೆಕ್ಕೆಜೋಳ ಪರಕೀಯ ಪರಾಗದ ಬೆಳೆ, ಅದರಲ್ಲಿ ಕೆಟ್ಟ ಜೀನ್‌ಗಳು ಒಳ್ಳೆಯದರ ಮರೆಯಲ್ಲಿ ಅಡಗಿ ಕೂತಿರುತ್ತವೆ. ಗೋಧಿ ಸಾವಿರಾರು ವರ್ಷದಿಂದ ತನ್ನ ಪರಾಗವನ್ನೇ ತಾನು ಬಳಸಿದ್ದು, ಕೆಟ್ಟದ್ದು ಬಹಳಷ್ಟು ಆಗಲೇ ಸೋಸಿ ಹೋಗಿದೆ. ಮೇಲಾಗಿ ಚಪಾತಿ ಗೋಧಿಯಲ್ಲಿ ಎ, ಬಿ, ಡಿ ಎಂಬ ಮೂರು ಜೀನೋಮ್ (ಕ್ರೋಮೋಸೋಮ್ ಗುಂಪು) ಒಟ್ಟಿಗಿರುವುದರಿಂದ ಶುದ್ಧ ತಳಿಯಲ್ಲೇ ಒಂದಿಷ್ಟು ಹೈಬ್ರಿಡ್ ಗುಣ ಸೇರಿಕೊಂಡಿದೆ. ಇನ್ನು ಬೀಜದ ಖರ್ಚು. 1962ರಲ್ಲಿ ಟಿಮೊಫೀವಿ ಎಂಬ ಗೋಧಿ ಜಾತಿಯಿಂದ ಗಂಡುಬಂಜೆ ಸಾಲು, ಅಂದರೆ ತನ್ನ ಪರಾಗವೇ ಫಲಿಸದ ತಾಯಿ ಸಾಲು, ಬಂತು, ಚಿಮುಟದ ಕೆಲಸ ತಪ್ಪಿತು. ಆದರೂ ಎಕರೆಗೆ ಮೆಕ್ಕೆಜೋಳದ ಬೀಜ ಎಂಟು ಕೆಜಿ ಸಾಕು, ಗೋಧಿಗೆ ನಲವತ್ತು ಬೇಕು. ಹತ್ತು ಪ್ರತಿಶತ ಇಳುವರಿ ಆ ಬಿಲ್ ಕಟ್ಟೀತೇ?

ಹಾಗಂತ ಎಫ್-1 ಬೀಜ ಬಿಸಾಡಬೇಡಿ. ಎಫ್-1ರ ಕಾಳು ಬಿತ್ತಿ ಬೆಳೆದ ಎಫ್-2ರಲ್ಲಿ ಮಿಶ್ರ ಜೀನ್ ಜೋಡಿಗಳು ಅರ್ಧಕ್ಕೆ ಇಳಿದು ಕಸುವು ಕುಗ್ಗುತ್ತದೆ, ನಿಜ. ಆದರೆ ತಂದೆ-ತಾಯಿ ಇಬ್ಬರ ಒಳ್ಳೆಯ ಜೀನ್ ಒಂದೇ ಗಿಡದಲ್ಲಿ ಶುದ್ಧವಾಗಿ ಸೇರಲು ಶುರುವಾಗುವುದೂ ಅಲ್ಲೇ. ಎಫ್-2 ಅನ್ನು ದೊಡ್ಡದಾಗಿಯೇ ಹಾಕಿ. ಸಾಲಿನ ಪಕ್ಕ ತುಕ್ಕು ಹಿಡಿಯುವ ತಳಿ ಒಂದನ್ನು ಬಿತ್ತಿ, ರೋಗ ಬರಲು ಬಿಡಿ, ತುಕ್ಕು ತಾಗದ ಗಿಡಕ್ಕೆ ಮಾತ್ರ ಚೀಟಿ ಕಟ್ಟಿ. ಒಂದು ಗಿಡದ ಇಳುವರಿ ನೋಡಿ ಆರಿಸಬೇಡಿ. ಅದನ್ನು ಎಫ್-4, ಎಫ್-5ರಲ್ಲಿ ಪ್ಲಾಟಿಗೆ ಸಾಕಾಗುವಷ್ಟು ಬೀಜ ಕೂಡಿದ ಮೇಲೆ ತೂಗಿ.